ಸತ್ಯಾಂಶ: ಹಾಗಲರಸ ಮಾತ್ರೆಗೆ ಬದಲಿಯಲ್ಲ

ಮುಂಬೈ, ಡೊಂಬಿವಲಿಯ ಕನ್ನಡ ಬಳಗಗಳ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಸುತ್ತುತ್ತಿದೆ: 'ಖಾಲಿ ಹೊಟ್ಟೆಗೆ ಒಂದು ಲೋಟ ಹಾಗಲಕಾಯಿ ರಸ ಕುಡಿಯಿರಿ, ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿ.' ದಯವಿಟ್ಟು ನಿಲ್ಲಿಸಬೇಡಿ.

ಹಾಗಲದಲ್ಲಿರುವ ಚಾರಂಟಿನ್‌ನಂಥ ಅಂಶಗಳು ರಕ್ತದ ಸಕ್ಕರೆಯನ್ನು ಕೊಂಚ ಇಳಿಸಬಲ್ಲವು ಎಂಬ ಸುಳಿವು ಪ್ರಯೋಗಗಳಲ್ಲಿ ಸಿಕ್ಕಿದೆ, ನಿಜ. ಆದರೆ ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2012ರ ವಿಮರ್ಶೆಗೆ ಹಾಗಲವನ್ನು ಮಧುಮೇಹದ ಚಿಕಿತ್ಸೆ ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ. ತಳಿ, ಕಾಯಿ ಬಲಿತಿರುವ ಮಟ್ಟ, ಹಿಂಡುವ ರೀತಿ ಬದಲಾದಂತೆ ರಸದ ಸತ್ವವೂ ಬದಲಾಗುತ್ತದೆ. ಮಾತ್ರೆಯ ಅಳತೆ ಅದರಲ್ಲಿ ಸಿಗದು. ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ಜೊತೆಗೆ ರಸವನ್ನೂ ಕುಡಿದರೆ ಸಕ್ಕರೆ ಅತಿಯಾಗಿ ಕುಸಿಯಬಹುದು: ಬೆವರು, ನಡುಕ, ತಲೆಸುತ್ತು. ಗರ್ಭಿಣಿಯರಿಗೆ ಈ ರಸ ಬೇಡವೇ ಬೇಡ. ಬೀಜದಲ್ಲಿ ವೈಸಿನ್ ಎಂಬ ಅಂಶ ಇರುವುದರಿಂದ ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಯುವ ಕಿಣ್ವ) ಕೊರತೆಯವರೂ ದೂರವಿರಲಿ.

ಮಳೆಗಾಲದಲ್ಲಿ ಇಲ್ಲಿನ ಮಾರುಕಟ್ಟೆಗೆ ಬರುವ ಮುಳ್ಳುಮುಳ್ಳಾದ ಕರ್ಟೋಲಿ ನಮ್ಮ ಮಡಹಾಗಲ. ಅದು ಈ ಹಾಗಲವಲ್ಲ, ಬೇರೆಯೇ ಪ್ರಭೇದ, ಕಹಿಯೂ ಅಷ್ಟಿಲ್ಲ.

ಹಾಗಲಕಾಯಿಯನ್ನು ಪಲ್ಯ ಮಾಡಿ ತಿನ್ನಲು ಅಡ್ಡಿಯಿಲ್ಲ. ಕಾಲು ಕಿಲೋ ಎಳೆಯ ಹಾಗಲ ಸೀಳಿ, ಬೀಜ ತೆಗೆದು, ತೆಳ್ಳಗೆ ಹೆಚ್ಚಿ, ಒಂದು ಚಮಚ ಉಪ್ಪು ಹಚ್ಚಿ 20 ನಿಮಿಷ ಬಿಡಿ. ತೊಳೆದು ಹಿಂಡಿ ಒಗ್ಗರಣೆಗೆ ಹಾಕಿ. ತೊಳೆಯದಿದ್ದರೆ ಉಪ್ಪು ಏರುತ್ತದೆ. ಮುಚ್ಚಿ ಬೇಯಿಸಿದರೆ ಮೆತ್ತಗಾದೀತು. ಹುಣಸೆರಸ ಸೇರಿಸಿ. ಸಕ್ಕರೆ ಕಾಯಿಲೆಯವರ ಪಾಲಿಗೆ ಬೆಲ್ಲ ಮಾತ್ರ ಹಾಕಬೇಡಿ.