ನಾನು ಹಿಡಿದ ಮೋಲಿಗೆ ಮೂರೇ ಕಾಲು

ಅಮ್ಮ ಶಿವಮೊಗ್ಗದಿಂದ ಮುಂಬಯಿ ಹತ್ತಿರದ ಡೊಂಬಿವಲಿಗೆ ಬರುವಾಗ ಹಪ್ಪಳ, ಮಿಡಿ ಉಪ್ಪಿನಕಾಯಿಗಳ ಜೊತೆಗೆ ಅಕ್ಕಿ, ಬೇಳೆ ಅಳೆಯುವ ಹಿತ್ತಾಳೆಯ ಪಾವನ್ನೂ ತಂದಿದ್ದಳು. ನಮ್ಮ ಮನೆಯ ಪ್ಲಾಸ್ಟಿಕ್ ಲೋಟಗಳ ಮೇಲೆ ಅವಳಿಗೆ ನಂಬಿಕೆಯಿಲ್ಲ. ನನ್ನ ಹೆಂಡತಿ ಪುಣೆಯಲ್ಲಿ ಯಾರದೋ ನಾಮಕರಣಕ್ಕೆ ಹೋಗಿದ್ದ ವಾರಾಂತ್ಯ ಅದು.

ಶನಿವಾರ ಸಂಜೆ ಅಮ್ಮ, "ಅಂಗಡಿಗೆ ಫೋನ್ ಮಾಡಿ ಎರಡು ಪಾವು ತೊಗರಿಬೇಳೆ ತರಿಸೋ" ಎಂದಳು. ಟಿವಿಯಲ್ಲಿ ಕೊನೆಯ ಓವರ್ ನಡೆಯುತ್ತಿತ್ತು. ನಾನು ಫೋನಿನಲ್ಲಿ "ದೋನ್ ಪಾವ್" ಎಂದು ಶುರು ಮಾಡಿದೆ. ಬೇಳೆಯ ಹೆಸರು ಬಾಯಿಗೆ ಬರುವಷ್ಟರಲ್ಲಿ ವಿಕೆಟ್ ಬಿತ್ತು, ಅತ್ತ ಅಂಗಡಿಯವನೂ ಫೋನ್ ಇಟ್ಟ. ಮರಾಠಿಯಲ್ಲಿ ಪಾವ್ ಎಂದರೆ ಕಾಲು ಕಿಲೋ. ವಡೆಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಬ್ರೆಡ್ಡೂ ಪಾವೇ. ಹತ್ತು ನಿಮಿಷದಲ್ಲಿ ಅಂಗಡಿಯ ಹುಡುಗ ಎರಡು ಪಾವ್ ತಂದುಕೊಟ್ಟು ಹೋದ. ಅಮ್ಮ ಅವನ್ನು ಒತ್ತಿ ನೋಡಿ, "ಇದು ಯಾವ ಊರಿನ ಬೇಳೆ?" ಎಂದಳು.

ಅಳತೆಯ ವಿಷಯದಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕು ಎಂಬ ಸೂಚನೆ ಅಂದೇ ಸಿಕ್ಕಿತ್ತು. ಆದರೆ ಭಾನುವಾರ ಬೆಳಿಗ್ಗೆ ಹನ್ನೊಂದನೆಯ ತರಗತಿಯ ಮಗಳು ರಸಾಯನಶಾಸ್ತ್ರದ ಪುಸ್ತಕ ಹಿಡಿದು ಬಂದಳು. "ಅಪ್ಪ, 36 ಗ್ರಾಂ ನೀರೆಂದರೆ ಎಷ್ಟು ಮೋಲ್?"

ನಾನು ಪಿಯುಸಿಯಲ್ಲಿ ವಿಜ್ಞಾನ ಓದಿದವನು. ಆಮೇಲೆ ಇಪ್ಪತ್ತೆಂಟು ವರ್ಷ ಮುಂಬಯಿಯ ಫೋರ್ಟ್ ಪ್ರದೇಶದ ಕಚೇರಿಯೊಂದರಲ್ಲಿ ಲೆಕ್ಕಪತ್ರ ಬರೆದಿದ್ದೇನೆಂಬುದು ಬೇರೆ ಮಾತು. ನೀರಿನ ಮೋಲಾರ್ ರಾಶಿ, ಅಂದರೆ ಒಂದು ಮೋಲಿನ ತೂಕ, 18 ಎಂಬುದು ನೆನಪಿತ್ತು. ಎರಡು ಸಂಖ್ಯೆ ಸಿಕ್ಕರೆ ಗುಣಿಸುವುದು ನನ್ನ ಸ್ವಭಾವ. "648" ಎಂದೆ.

"ಪುಸ್ತಕದಲ್ಲಿ 2 ಎಂದಿದೆ."

"ಮುದ್ರಣದೋಷ."

"ಅಪ್ಪ, ಒಂದು ಮೋಲ್ ನೀರು 18 ಗ್ರಾಂ. 36 ಗ್ರಾಮಿನಲ್ಲಿ 648 ಮೋಲ್ ಹೇಗೆ ಹಿಡಿಸುತ್ತದೆ?"

ಮೂವರ ಸೀಟಿನಲ್ಲಿ ನಾಲ್ಕನೆಯವನಾಗಿ ದಿನವೂ ಲೋಕಲ್ ರೈಲಿನಲ್ಲಿ ಕೂರುವವನಿಗೆ 'ಹೇಗೆ ಹಿಡಿಸುತ್ತದೆ' ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಆದರೂ ಮಗಳ ಮುಂದೆ ಸೋಲುವುದು ಹೇಗೆ? ಮೊಬೈಲ್ ತೆಗೆದು ಹುಡುಕಿದೆ. ದೇವರು ದೊಡ್ಡವನು: 2019ರ ಮೇ 20ರಿಂದ ಮೋಲಿನ ವ್ಯಾಖ್ಯೆಯೇ ಬದಲಾಗಿದೆಯಂತೆ! ನಾವು ಓದುವಾಗ 12 ಗ್ರಾಂ ಕಾರ್ಬನ್-12ರಲ್ಲಿ ಎಷ್ಟು ಪರಮಾಣುಗಳಿವೆಯೋ ಅಷ್ಟಕ್ಕೆ ಒಂದು ಮೋಲ್ ಎನ್ನುತ್ತಿದ್ದರು. ಈಗ ಕಾರ್ಬನ್ನಿನ ಹಂಗಿಲ್ಲ. 602214076 ಬರೆದು ಮುಂದೆ ಹದಿನೈದು ಸೊನ್ನೆ ಸುತ್ತಿದರೆ ಬರುವ ಸಂಖ್ಯೆಯಷ್ಟು ಕಣಗಳಿದ್ದರೆ ಒಂದು ಮೋಲ್.

"ನೋಡು, ನಾನು ಕಲಿತದ್ದು ಹಳೆಯ ಮೋಲ್" ಎಂದೆ.

"ವ್ಯಾಖ್ಯೆ ಬದಲಾಗಿದೆ ಅಪ್ಪ, ಭಾಗಾಕಾರ ಬದಲಾಗಿಲ್ಲ" ಎಂದಳು.

ಮಾತು ತಪ್ಪಿಸಲು, ಮೋಲಿನ ಆ ಸಂಖ್ಯೆ ಯಾರ ಹೆಸರಿನಲ್ಲಿದೆಯೋ ಆ ಅವೊಗಾಡ್ರೊನ ವಿಷಯ ತೆಗೆದೆ. ಪಾಪ, ಆ ಇಟಲಿಯವನು 1811ರಲ್ಲಿ ಹೇಳಿದ್ದಿಷ್ಟೇ: ಒಂದೇ ತಾಪ, ಒಂದೇ ಒತ್ತಡವಿದ್ದರೆ ಸಮ ಗಾತ್ರದ ಅನಿಲಗಳಲ್ಲಿ ಕಣಗಳೂ ಸಮ. ಅವನು ಏನನ್ನೂ ಎಣಿಸಲಿಲ್ಲ. ಅವನು ತೀರಿಕೊಂಡದ್ದು 1856ರಲ್ಲಿ. ಆ ಸಂಖ್ಯೆಗೆ ಅವನ ಹೆಸರಿಟ್ಟದ್ದು 1909ರಲ್ಲಿ, ಜಾನ್ ಪೆರಾನ್ ಎಂಬ ಫ್ರೆಂಚ್ ವಿಜ್ಞಾನಿ. ಲೆಕ್ಕ ಮಾಡದೆಯೂ ಲೆಕ್ಕದ ಕೀರ್ತಿ ಪಡೆದವನ ಮೇಲೆ ನನಗೆ ಬಹಳ ಗೌರವ ಮೂಡಿತು.

ಅಷ್ಟರಲ್ಲಿ ಅಮ್ಮ, "ಸಾರು ಕುದಿಯುತ್ತಿದೆ, ಎರಡು ಚಮಚ ಉಪ್ಪು ಹಾಕೋ" ಎಂದು ಹೇಳಿ ಜಪಕ್ಕೆ ಕುಳಿತಳು. ಅಂದು ಏಕಾದಶಿ, ಅವಳಿಗೆ ಉಪವಾಸ. ಮುಲುಂಡಿನಿಂದ ಭಾವ ಊಟಕ್ಕೆ ಬರುವವರಿದ್ದರು.

ಕಳೆದುಕೊಂಡ ಮಾನವನ್ನು ಮರಳಿ ಪಡೆಯಲು ಇದೇ ಸಮಯವೆಂದುಕೊಂಡೆ. "ಚಮಚದ ಮಾತು ಬೇಡ, ಮೋಲಿನಲ್ಲಿ ಹೇಳು. ತೂಗಿ ಹಾಕುತ್ತೇನೆ" ಎಂದೆ. ಮಗಳು ಎರಡು ಚಮಚ ಅಂದಾಜು 12 ಗ್ರಾಂ ಎಂದುಕೊಂಡು, ಉಪ್ಪಿನ ಮೋಲಾರ್ ರಾಶಿ 58.5ರಿಂದ ಭಾಗಿಸಿ, "0.2 ಮೋಲ್" ಎಂದಳು.

ಭಾಗಿಸಬೇಕು ಎಂದು ಬೆಳಿಗ್ಗೆ ಪಾಠ ಹೇಳಿಸಿಕೊಂಡಿದ್ದೇನಲ್ಲ! ಧೈರ್ಯವಾಗಿ 0.2 ಅನ್ನು 58.5ರಿಂದ ಭಾಗಿಸಿದೆ. 0.0034 ಗ್ರಾಂ. ಹೆಂಡತಿ ಪಥ್ಯ ಮಾಡುವ ಉತ್ಸಾಹದಲ್ಲಿ ಕೊಂಡಿದ್ದ ಅಡುಗೆಮನೆಯ ತಕ್ಕಡಿ ಒಂದು ಗ್ರಾಮಿಗಿಂತ ಕೆಳಗೆ ಇಳಿಯುವುದಿಲ್ಲ. ಬೆರಳ ತುದಿಗೆ ಅಂಟಿದಷ್ಟು ಉಪ್ಪನ್ನು ಇಟ್ಟೆ, ಸೊನ್ನೆ. ವಿಜ್ಞಾನ ಎಷ್ಟು ಸೂಕ್ಷ್ಮವಪ್ಪಾ ಎಂದು ಮೆಚ್ಚಿಕೊಂಡು ಆ ಹರಳುಗಳನ್ನು ಸಾರಿಗೆ ಕೊಡವಿದೆ.

ಭಾವ ಮೊದಲ ತುತ್ತು ಬಾಯಿಗಿಟ್ಟು ಒಂದು ಕ್ಷಣ ಸೀಲಿಂಗ್ ಫ್ಯಾನ್ ನೋಡಿದರು. ಆಮೇಲೆ, "ಬಿ.ಪಿ. ಇರುವವರಿಗೆ ಹೇಳಿ ಮಾಡಿಸಿದ ಸಾರು" ಎಂದರು. ಅವರಿಗೆ ಬಿ.ಪಿ. ಇಲ್ಲ.

ಮಗಳು ನನ್ನ ಚೀಟಿ ನೋಡಿ ಹಣೆ ಚಚ್ಚಿಕೊಂಡಳು. ಗ್ರಾಮಿನಿಂದ ಮೋಲಿಗೆ ಹೋಗುವಾಗ ಭಾಗಿಸಬೇಕು, ಮೋಲಿನಿಂದ ಗ್ರಾಮಿಗೆ ಬರುವಾಗ ಗುಣಿಸಬೇಕಂತೆ. ಹೋಗುವ ದಾರಿಯೇ ಬೇರೆ, ಬರುವ ದಾರಿಯೇ ಬೇರೆ ಎಂದು ಮೊದಲೇ ಹೇಳಬಾರದೇ? "ನಾನು ಹಾಕಿದ್ದರಲ್ಲೂ ಮೂರೂವರೆ ಲಕ್ಷ ಕೋಟಿ ಕೋಟಿ ಜೋಡಿ ಸೋಡಿಯಂ-ಕ್ಲೋರಿನ್ ಇವೆ, ಬೇಕಾದರೆ ಲೆಕ್ಕ ಹಾಕು" ಎಂದು ವಾದಿಸಿದೆ. ಲೆಕ್ಕ ಹಾಕಿದಳು. ಸರಿಯಾಗಿತ್ತು! ಆದರೆ ಸಾರು ಸಪ್ಪೆಯಾಗಿಯೇ ಇತ್ತು.

ಜಪ ಮುಗಿಸಿ ಬಂದ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. "ಒಂದು ಪಾವು ಅಕ್ಕಿಯೂ ಒಂದು ಪಾವು ಅವಲಕ್ಕಿಯೂ ಒಂದೇ ತೂಕವೇನೋ?"

"ಅಲ್ಲ."

"ಅಕ್ಕಿಯ ಮೂಟೆಯಲ್ಲಿ ಎಷ್ಟು ಪಾವಿದೆ ಎಂದು ತಿಳಿಯಬೇಕಾದರೆ ಮೂಟೆಯ ತೂಕವನ್ನು ಒಂದು ಪಾವಕ್ಕಿಯ ತೂಕದಿಂದ ಗುಣಿಸುತ್ತೀಯಾ?"

ಮಗಳು, "ಅಷ್ಟೇ ಅಜ್ಜಿ! ಒಂದು ಮೋಲ್ ಉಪ್ಪು 58.5 ಗ್ರಾಂ, ಒಂದು ಮೋಲ್ ಸಕ್ಕರೆ 342 ಗ್ರಾಂ" ಎಂದು ಕುಣಿದಳು. ನಾನು ಸುಮ್ಮನಿರಲಿಲ್ಲ. ಪಾವು ಗಾತ್ರದ ಅಳತೆ, ಮೋಲ್ ಎಣಿಕೆಯ ಅಳತೆ, ಡಜನ್ ಇದ್ದ ಹಾಗೆ. ಆದ್ದರಿಂದ ಅಮ್ಮನ ಹೋಲಿಕೆ ಶಾಸ್ತ್ರೀಯವಾಗಿ ತಪ್ಪು ಎಂದೆ.

"ಸರಿಯಪ್ಪ, ಡಜನ್ನೇ ಇರಲಿ" ಎಂದ ಅಮ್ಮ ಚೀಲವನ್ನು ಕೈಗಿತ್ತಳು. "ಒಂದು ಡಜನ್ ಬಾಳೆಹಣ್ಣು ತಾ. ನನಗೆ ಫಲಾಹಾರಕ್ಕೆ ಬೇಕು. ಫೋನ್ ಮಾಡಬೇಡ, ನೀನೇ ಹೋಗು."

ರಾತ್ರಿ ಅಕ್ಕ ಮುಲುಂಡಿನಿಂದ ಫೋನ್ ಮಾಡಿದಳು. ಭಾವ ಮನೆಗೆ ಹೋಗಿ ಎರಡನೆಯ ಊಟ ಮಾಡಿದರಂತೆ. "ಅದೇನು ಸಾರು ಮಾರಾಯ, ಎಷ್ಟು ಉಪ್ಪು ಹಾಕಿದ್ದೆ?" ಎಂದು ಕೇಳಿದಳು.

"ಗ್ರಾಮಿನಲ್ಲಿ ಹೇಳಲೋ, ಮೋಲಿನಲ್ಲಿ ಹೇಳಲೋ?" ಎಂದೆ.

ಫೋನ್ ಇಟ್ಟುಬಿಟ್ಟಳು.