ಹರಕೆ ಏನು ಸಾರ್?

ನಮ್ಮ ಕಡೆ ಬರಿಗಾಲಲ್ಲಿ ಓಡಾಡೋಕೆ ಯಾರ ಅಪ್ಪಣೆಯೂ ಬೇಕಿಲ್ಲ. ಅಡುಗೆಮನೆಯಿಂದ ಹಿಡಿದು ದೇವಸ್ಥಾನದ ಪ್ರಾಕಾರದವರೆಗೆ ಬರಿಗಾಲೇ. ಶ್ರವಣಬೆಳಗೊಳದ ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲನ್ನು ಏಪ್ರಿಲ್ ಬಿಸಿಲಲ್ಲಿ ಬರಿಗಾಲಲ್ಲೇ ಹತ್ತುತ್ತೇವೆ. ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟರೆ ದಾರಿಯುದ್ದಕ್ಕೂ ಮಜ್ಜಿಗೆ ಕೊಟ್ಟು ಕಳಿಸುತ್ತಾರೆ. ಆದರೆ ಐವತ್ತರ ಹತ್ತಿರದ ಗಂಡಸೊಬ್ಬ ಚಡ್ಡಿ ಹಾಕಿ, ಕೈಗೆ ದುಬಾರಿ ವಾಚು ಕಟ್ಟಿ ಬರಿಗಾಲಲ್ಲಿ ಓಡಿದರೆ ಮಾತ್ರ ಇಡೀ ಮೈಸೂರಿಗೆ ಕಾರಣ ಬೇಕು.

ಕಾರಣ ನನ್ನ ಹತ್ತಿರ ಬೇಕಾದಷ್ಟಿತ್ತು. ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ಮತ್ತು ಅವರ ಜೊತೆಗಾರರು 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ಬಗ್ಗೆ ಬರೆದಿದ್ದರು. ಶೂ ಹಾಕಿ ಓಡುವವರು ಹೆಚ್ಚಾಗಿ ಹಿಮ್ಮಡಿ ಊರುತ್ತಾರೆ, ನೆಲ ಮುಟ್ಟಿದ ಕ್ಷಣಕ್ಕೆ ದಡ್ ಅಂತ ಒಂದು ಪೆಟ್ಟು ಬೀಳುತ್ತದೆ. ಬರಿಗಾಲಲ್ಲೇ ಓಡಿ ರೂಢಿ ಇರುವವರು ಹೆಚ್ಚಾಗಿ ಮುಂಗಾಲು ಊರುತ್ತಾರೆ, ಆ ಪೆಟ್ಟು ಬಹಳ ಕಡಿಮೆ. ಇದನ್ನು ಊಟದ ಹೊತ್ತಲ್ಲಿ ಮನೆಯಾಕೆಗೆ ವಿವರಿಸಿದೆ. ಅವಳು ಸಾರು ಬಡಿಸುತ್ತಾ ಕೇಳಿಸಿಕೊಂಡಳು. ಕೊನೆಗೆ ಅಬೆಬೆ ಬಿಕಿಲಾ ಅವರನ್ನೇ ಕರೆತಂದೆ. 1960ರ ರೋಮ್ ಒಲಿಂಪಿಕ್ಸ್, ಕತ್ತಲು, ಪಂಜಿನ ಬೆಳಕು, ಆ ಇಥಿಯೋಪಿಯಾದ ಮನುಷ್ಯ 42 ಕಿಲೋಮೀಟರ್ ಬರಿಗಾಲಲ್ಲಿ ಓಡಿ 2 ಗಂಟೆ 15 ನಿಮಿಷದಲ್ಲಿ ಚಿನ್ನ ಗೆದ್ದ ಕತೆ.

"ಅವರ್ಯಾಕೆ ಶೂ ಹಾಕಿಕೊಳ್ಳಲಿಲ್ಲ?" ಎಂದು ಕೇಳಿದಳು.

"ಕೊಟ್ಟ ಶೂ ಕಾಲಿಗೆ ಸರಿಯಾಗಿ ಕೂರಲಿಲ್ಲವಂತೆ."

"ನಿಮಗೆ ಸರಿಯಾಗಿ ಕೂರುತ್ತಲ್ಲ, ಒಂಬತ್ತು ಸಾವಿರ ಕೊಟ್ಟು ತಂದಿದ್ದು?"

ಅಷ್ಟರಲ್ಲಿ ಮಗಳು ಮೊಬೈಲಿಂದ ತಲೆ ಎತ್ತಿದಳು. "ಅಪ್ಪಾ, ಅವರೇ 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕ್ಕೊಂಡು ಓಡಿ ಮತ್ತೆ ಗೆದ್ರಂತೆ. 2 ಗಂಟೆ 12 ನಿಮಿಷ. ಮೂರು ನಿಮಿಷ ಬೇಗ. ಅದೂ ಅಪೆಂಡಿಕ್ಸ್ ಆಪರೇಷನ್ ಆಗಿ ಎರಡು ತಿಂಗಳೂ ಆಗಿರಲಿಲ್ಲ."

ಮಕ್ಕಳಿಗೆ ಇಂಟರ್ನೆಟ್ ಕೊಡಬಾರದು ಅಂತ ಹಿರಿಯರು ಹೇಳುವುದು ಸುಮ್ನೆ ಅಲ್ಲ.

ಆದರೂ ಶುರು ಮಾಡಿದೆ. ಬರಿಗಾಲಲ್ಲಿ ಉದ್ದುದ್ದ ಹೆಜ್ಜೆ ಹಾಕೋಕಾಗಲ್ಲ. ಚಿಕ್ಕ ಹೆಜ್ಜೆ, ಬೇಗ ಬೇಗ. ನಿಮಿಷಕ್ಕೆ 180ರ ಹತ್ತಿರ ಇರಲಿ ಅಂತ ಓಟದ ಗೆಳೆಯರು ಹೇಳಿಕೊಟ್ಟರು. ಮಂಡಿಗೆ ನಿಜಕ್ಕೂ ಹಿತವಾಯಿತು. ಯಾಕೆಂದರೆ ಮಂಡಿಯ ಕೆಲಸವನ್ನೆಲ್ಲ ಮೀನಖಂಡ ಹೊತ್ತುಕೊಂಡಿತ್ತು. ಮಾರನೇ ದಿನ ಅದು ಒಣಕೊಬ್ಬರಿ ಬಟ್ಟಲಿನಷ್ಟು ಗಟ್ಟಿ. ಮೆಟ್ಟಿಲು ಹತ್ತುವುದು ಹೇಗೋ ಆಗುತ್ತಿತ್ತು, ಇಳಿಯುವುದು ಮಾತ್ರ ಸಾಧ್ಯವೇ ಇಲ್ಲ. ಆಫೀಸಿನಲ್ಲಿ ಕಂಬಿ ಹಿಡಿದು ಹಿಮ್ಮುಖವಾಗಿ ಇಳಿಯುತ್ತಿದ್ದೆ. ಹತ್ತಿ ಬರುತ್ತಿದ್ದ ಮ್ಯಾನೇಜರು ಎದುರಿಗೆ ನನ್ನ ಬೆನ್ನು ನೋಡಿ, ನಾನೂ ಹತ್ತುತ್ತಿದ್ದೇನೆ ಅಂದುಕೊಂಡು ಬಹಳ ಹೊತ್ತು ಗೊಂದಲದಲ್ಲಿ ನಿಂತಿದ್ದರು.

ಅಭ್ಯಾಸಕ್ಕೆ ಕುಕ್ಕರಹಳ್ಳಿ ಕೆರೆ ಏರಿಗಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಮಣ್ಣಿನ ದಾರಿ, ಮರದ ನೆರಳು, ಬೆಳಗಿನ ತಂಪು. ಹೊಂಗೆ ಹೂವು ಉದುರಿದ ಮೇಲೆ ಓಡುವ ಸುಖ ಶೂ ಹಾಕಿದವರಿಗೆ ಏನು ಗೊತ್ತು? ಅವರಿಗೆ ಗೊತ್ತಿಲ್ಲದ ಇನ್ನೊಂದು ವಸ್ತು ನೆಗ್ಗಿಲು ಮುಳ್ಳು. ಕಡಲೆಕಾಳಿನಷ್ಟು ದೊಡ್ಡದು, ಸುತ್ತಲೂ ಮುಳ್ಳು. ಹೇಗೇ ಬಿದ್ದರೂ ಒಂದು ಮುಳ್ಳು ಆಕಾಶ ನೋಡುತ್ತಲೇ ಇರುತ್ತದೆ. ನನ್ನ ಹೆಬ್ಬೆರಳ ಬುಡಕ್ಕೆ ಸರಿಯಾಗಿ ಹೊಕ್ಕಿತು, ಕೀಳುವಾಗ ತುದಿ ಒಳಗೇ ಮುರಿಯಿತು. ಮರ ಹಿಡಿದು ಒಂಟಿ ಕಾಲಲ್ಲಿ ನಿಂತಿದ್ದಾಗ ವಾಕಿಂಗ್ ಬಂದಿದ್ದ ಅಜ್ಜಿಯೊಬ್ಬರು ನಿಂತರು. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದರು. ಕನ್ನಡಕ ಹಣೆಗೆ ಏರಿಸಿದರು. ಅವರ ಯಜಮಾನರು ಮೊಬೈಲ್ ಟಾರ್ಚು ಹಿಡಿದರು.

"ಚಪ್ಪಲಿ ಕದ್ದರಾ?" ಎಂದರು ಅಜ್ಜಿ, ಪಿನ್ನು ಒಳಗಿಳಿಸುತ್ತಾ.

"ಇಲ್ಲಮ್ಮಾ, ಹೀಗೇ ಓಡ್ತೀನಿ."

ಪಿನ್ನು ಸ್ವಲ್ಪ ಜಾಸ್ತಿಯೇ ಒಳಗೆ ಹೋಯಿತು.

ಪಕ್ಕದ ಮನೆಯವರು ಮೂಡಬಿದಿರೆ ಕಡೆಯವರು. ಅವರೊಬ್ಬರೇ ನನ್ನ ಪರ. "ನಮ್ಮ ಕಂಬಳದವರು ಎಲ್ಲಾ ಬರಿಗಾಲೇ ಅಲ್ವಾ?" ಎನ್ನುತ್ತಿದ್ದರು. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು, ದೇಶವೆಲ್ಲ ಉಸೇನ್ ಬೋಲ್ಟ್ ಜೊತೆ ಹೋಲಿಸಿದ್ದು ನೆನಪಿರಬೇಕು. ಕೆಸರುಗದ್ದೆ, ಮೊಣಕಾಲಿನವರೆಗೆ ಹಾರುವ ನೀರು, ಮುಂದೆ ಎರಡು ಕೋಣ. ನನಗೆ ಕೋಣದ ಅನುಕೂಲ ಇರಲಿಲ್ಲ. ನಮ್ಮ ಬೀದಿಯ ಕಂದು ನಾಯಿ ಹಿಂದಿನಿಂದ ಸ್ವಲ್ಪ ಸಹಾಯ ಮಾಡುತ್ತಿತ್ತು, ಅಷ್ಟೇ.

ನಂತರ ಬೆಂಗಳೂರಲ್ಲಿ ಒಂದು ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟೆ. ಈಗೆಲ್ಲ ಸಮಯ ಅಳೆಯುವ ಚಿಪ್ಪು ಎದೆಯ ನಂಬರ್ ಹಾಳೆಯ ಹಿಂದೆಯೇ ಅಂಟಿರುತ್ತದೆ. ಅವತ್ತು ಕೊಟ್ಟದ್ದು ಶೂ ಲೇಸಿಗೆ ಕಟ್ಟುವ ಚಿಪ್ಪು. ಲೇಸು ಎಲ್ಲಿಂದ ತರಲಿ? "ಕಾಲಲ್ಲೇ ಇರಬೇಕು ಸಾರ್, ಕೈಲಿ ಹಿಡ್ಕೊಂಡ್ರೆ ಆಗಲ್ಲ" ಎಂದ ಕೌಂಟರಿನ ಹುಡುಗ ನನ್ನ ಪಾದವನ್ನೇ ನೋಡುತ್ತಾ ಕೂತ. ಮಗಳ ಜುಟ್ಟಿನ ರಬ್ಬರ್ ಬ್ಯಾಂಡು ಕೆಲಸಕ್ಕೆ ಬಂತು. ಗುಲಾಬಿ ಬಣ್ಣ, ಮೇಲೊಂದು ಪ್ಲಾಸ್ಟಿಕ್ ಸ್ಟ್ರಾಬೆರಿ. ಅದನ್ನು ಕಾಲಗೆಜ್ಜೆಯ ಜಾಗಕ್ಕೆ ಹಾಕಿಕೊಂಡು ಓಡಿದೆ.

ಬರಿಗಾಲಿನ ಓಟಗಾರನಿಗೆ ಕಷ್ಟದ ಜಾಗ ಏರು ಅಲ್ಲ, ನೀರು ಕೊಡುವ ಜಾಗ. ಮುಂದೆ ಹೋದವರೆಲ್ಲ ಎನರ್ಜಿ ಡ್ರಿಂಕ್ ಕುಡಿದು ಉಳಿದದ್ದನ್ನು ರಸ್ತೆಗೆ ಚೆಲ್ಲಿರುತ್ತಾರೆ. ಟಾರು ಅಂಟು ಅಂಟು. ಒಂದೊಂದು ಹೆಜ್ಜೆಗೂ ಪಚಕ್, ಪಚಕ್. ಬಾಟಲಿ ಮುಚ್ಚಳವೊಂದು ಹಿಮ್ಮಡಿಗೆ ಕಚ್ಚಿಕೊಂಡು ನನ್ನ ಜೊತೆಗೇ ಟಕಟಕ ಎನ್ನುತ್ತಾ ಬಂತು. ಬಿಸಿಲೇರಿದ ಮೇಲೆ ಟಾರು ಸುಡತೊಡಗಿತು. ಅದಕ್ಕೊಂದು ಉಪಾಯ ಇದೆ. ರಸ್ತೆಯ ಬಿಳಿ ಪಟ್ಟಿ ಟಾರಿನಷ್ಟು ಕಾಯುವುದಿಲ್ಲ. ಅದರ ಮೇಲೇ, ಒಂದು ಕಾಲಿನ ಮುಂದೆ ಇನ್ನೊಂದು ಕಾಲಿಡುತ್ತಾ ಓಡಿದೆ. ಫಿನಿಶ್ ದಾಟಿದ್ದೇ ತಡ, ಸ್ವಯಂಸೇವಕಿ ಹುಡುಗಿ ಓಡಿ ಬಂದಳು.

"ಅಂಕಲ್, ಶೂ ಎಲ್ಲಿ ಕಳೀತು? ಮೈಕಲ್ಲಿ ಹೇಳಿಸ್ತೀನಿ, ಸೈಜು ಹೇಳಿ."

ಮನೆಗೆ ಬಂದ ಫೋಟೋದಲ್ಲಿ ಸ್ಟ್ರಾಬೆರಿ ಬಹಳ ಸ್ಪಷ್ಟವಾಗಿತ್ತು. ಮುಖ ಅಷ್ಟು ಸ್ಪಷ್ಟ ಇರಲಿಲ್ಲ.

ಇಷ್ಟಾದರೂ ಲೀಬರ್‌ಮನ್, ಬಿಕಿಲಾ ಹೇಳುವುದನ್ನು ನಾನು ಬಿಟ್ಟಿರಲಿಲ್ಲ. ಬಿಡಿಸಿದ್ದು ಚಾಮುಂಡಿ ಬೆಟ್ಟ. ಸಾವಿರಕ್ಕೂ ಹೆಚ್ಚು ಮೆಟ್ಟಿಲು, ತೊಡೆಗೆ ಬಲ ಬರುತ್ತದೆ ಅಂತ ಒಂದು ಭಾನುವಾರ ಹೊರಟೆ. ಕೆಲವು ಹೆಂಗಸರು ಬಗ್ಗಿ ಒಂದೊಂದೇ ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಾ ಹೋಗುತ್ತಿದ್ದರು. ನನ್ನ ಪಾದ ಅರ್ಧ ಹಳದಿ, ಅರ್ಧ ಕೆಂಪು. ಅವರಲ್ಲೊಬ್ಬರು ತಲೆ ಎತ್ತಿ, "ಹರಕೆ ಏನು ಸಾರ್?" ಎಂದರು. ಉಸಿರು ಸಿಗುತ್ತಿರಲಿಲ್ಲ. ಹಿಮ್ಮಡಿ, ಮುಂಗಾಲು ಅಂತೆಲ್ಲ ವಿವರಿಸುವ ಶಕ್ತಿ ಎಲ್ಲಿಂದ ಬರಬೇಕು? "ಹೂಂ" ಅಂದುಬಿಟ್ಟೆ.

"ಏಯ್, ದಾರಿ ಬಿಡ್ರೇ. ಹರಕೆಯೋರು ಬರ್ತಾವ್ರೆ!"

ಮೇಲಿನವರೆಗೂ ಸುದ್ದಿ ಮುಟ್ಟಿತು. ಸೆಲ್ಫಿ ತೆಗೆಯುತ್ತಿದ್ದ ಹುಡುಗರೂ ಪಕ್ಕಕ್ಕೆ ಸರಿದರು. ಯಾವ ರೇಸಿನಲ್ಲೂ ನನಗೆ ಹೀಗೆ ಟ್ರ್ಯಾಕು ಖಾಲಿ ಮಾಡಿಕೊಟ್ಟಿರಲಿಲ್ಲ.

ನಂದಿಯ ಹತ್ತಿರ ಹೋಗಿ ವಾಪಸ್ ಇಳಿಯುವುದು ನನ್ನ ಲೆಕ್ಕ. ದೊಡ್ಡ ದೇವರಾಜ ಒಡೆಯರು 17ನೇ ಶತಮಾನದಲ್ಲಿ ಒಂದೇ ಬಂಡೆಯಲ್ಲಿ ಕಡೆಸಿದ ನಂದಿ, ಅದರ ಎದುರು ನಿಂತು ಸುಧಾರಿಸಿಕೊಳ್ಳುತ್ತಿದ್ದೆ. ವಯಸ್ಸಾದ ತಾಯಿಯೊಬ್ಬರು ಬಂದು ನನ್ನ ಕೈಗೆ ಹನ್ನೊಂದು ರೂಪಾಯಿ, ಒಂದು ಪೊಟ್ಟಣ ಕರ್ಪೂರ ಇಟ್ಟರು. "ಮಂಡಿ ನೋವು ಕಣಪ್ಪಾ, ಇನ್ನು ಹತ್ತೋಕಾಗಲ್ಲ. ಹೆಂಗೂ ಹರಕೆ ತೀರಿಸೋಕೆ ಹೋಗ್ತಿದ್ದೀಯಲ್ಲ, ನಂದೂ ಹುಂಡಿಗೆ ಹಾಕ್ಬಿಡು."

ಮಂಡಿ ನೋವಿಗೆ ಬರಿಗಾಲಲ್ಲಿ ಚಿಕ್ಕ ಹೆಜ್ಜೆ ಹಾಕಿ ಅಂತ ಹೇಳಲು ಬಾಯಿ ತೆರೆದೆ. ಕೆಳಗೆ ನೋಡಿದೆ. ಅವರೂ ಬರಿಗಾಲಲ್ಲೇ ಇದ್ದರು.

ಉಳಿದ ಮೆಟ್ಟಿಲನ್ನೆಲ್ಲ ಹತ್ತಿದೆ. ಬೆವರಿನ ಬನಿಯನ್ನಿನಲ್ಲಿ, ಜೇಬಿಲ್ಲದ ಚಡ್ಡಿಯಲ್ಲಿ, ಮುಷ್ಟಿಯಲ್ಲಿ ಕರ್ಪೂರ ಹಿಡಿದು ದರ್ಶನದ ಸಾಲಲ್ಲಿ ನಿಂತೆ. ವಾಚು ಪಾಪ, ಓಟ ಮುಗೀತಾ ಅಂತ ಆಗಾಗ ಕೈ ನಡುಗಿಸಿ ಕೇಳುತ್ತಿತ್ತು. ಚಪ್ಪಲಿ ಕಾಯುವ ಹುಡುಗ ನನ್ನ ಪಾದವನ್ನು ನೋಡಿ ಮೊದಲ ಬಾರಿಗೆ ಮೆಚ್ಚುಗೆಯ ಮಾತಾಡಿದ.

"ಬುದ್ಧಿವಂತರು ಸಾರ್ ನೀವು. ಐದ್ರುಪಾಯಿ ಉಳಿಸ್ಕೊಂಡ್ರಿ."