ಕಿಸೆ ಇರುವ ಕೌದಿ

ನಮ್ಮ ಮನೆಯ ಕೌದಿಗೆ ಒಂದು ಕಿಸೆ ಇದೆ. ಮೇಲೊಂದು ಮುಚ್ಚಳ, ಮುಚ್ಚಳಕ್ಕೊಂದು ಕಾಜು. ಗುಂಡಿ ಮಾತ್ರ ಯಾವತ್ತೋ ಉದುರಿಹೋಗಿದೆ. ಹೊಸದಾಗಿ ನೋಡಿದವರು ಒಮ್ಮೆ ನಗುತ್ತಾರೆ, ಆಮೇಲೆ ಸುಮ್ನೆ ಒಳಗೆ ಬೆರಳು ಹಾಕಿ ನೋಡುತ್ತಾರೆ. ಹಾಕದೆ ಬಿಟ್ಟವರನ್ನು ನಾನು ಇನ್ನೂ ಕಂಡಿಲ್ಲ.

ಇದನ್ನು ಹೊಲಿದವಳು ಅಮ್ಮ. ನಮ್ಮ ಮನೆಯಲ್ಲಿ ಅಮ್ಮ ಅಂದರೆ ಅಜ್ಜಿ, ಹೆತ್ತವಳು ಅವ್ವ. ಬೆಂಗಳೂರಿನ ಗೆಳೆಯರಿಗೆ ಇದನ್ನು ಬಿಡಿಸಿ ಹೇಳುವುದರೊಳಗೆ ಚಹಾ ಆರಿಹೋಗುತ್ತದೆ. ಊರು ನವಲಗುಂದದ ಹತ್ತಿರ, ಎರೆಭೂಮಿ. ನವಲಗುಂದಕ್ಕೆ ಹೆಸರು ತಂದದ್ದು ಜಮಖಾನ. ಹೆಂಗಸರೇ ಮಗ್ಗದ ಮುಂದೆ ಕೂತು ನೇಯುವ ಆ ಜಮಖಾನಕ್ಕೆ ಈಗ ಜಿಐ, ಅಂದರೆ ಭೌಗೋಳಿಕ ಗುರುತಿನ, ಮಾನ್ಯತೆಯೂ ಇದೆ. ನಮ್ಮ ಮನೆಯಲ್ಲೂ ಒಂದಿತ್ತು, ನಡುವೆ ಪಗಡೆ ಹಾಸಿನ ಚಿತ್ರ. ಆದರೆ ಅದು ಬೀಗರು ಬಂದಾಗ ಮಾತ್ರ ಟ್ರಂಕಿನಿಂದ ಹೊರಬರುತ್ತಿತ್ತು. ಮನೆಮಂದಿಗೆ ಕೌದಿಯೇ ಗತಿ. ಅದಕ್ಕೆ ಮಾನ್ಯತೆ ಕೊಡಲು ಯಾರೂ ಬಂದಿರಲಿಲ್ಲ, ಅಮ್ಮ ಕಾಯುತ್ತಲೂ ಇರಲಿಲ್ಲ.

ಬೇಸಿಗೆಯಲ್ಲಿ ಹೊಲದ ಕೆಲಸ ಮುಗಿದ ಮೇಲೆ ಪಡಸಾಲೆಯಲ್ಲಿ ಹಳೆಯ ಇಳಕಲ್ ಸೀರೆ ಹಾಸಿ, ನಾಲ್ಕು ಮೂಲೆಗೂ ಒಂದೊಂದು ಕಲ್ಲು ಇಡುತ್ತಿದ್ದರು. ಮೇಲೆ ಅರಿವೆ ತುಂಡುಗಳು. ಆಜೂಬಾಜೂ ಮನೆಯ ಮೂವರು ಹೆಂಗಸರು ಬಂದು ಒಂದೊಂದು ಬದಿ ಹಿಡಿದು ಕೂಡುತ್ತಿದ್ದರು. ಅಂಚಿನಿಂದ ಶುರುವಾದ ಹೊಲಿಗೆ ಸುತ್ತು ಹಾಕುತ್ತಾ ಹಾಕುತ್ತಾ ನಡುವಿಗೆ ಬರಬೇಕು. ನಡುವಿಗೆ ಬರುವಷ್ಟರಲ್ಲಿ ಊರಿನ ಎಲ್ಲರ ಮನೆ ಸುದ್ದಿಯೂ ಒಂದು ಸುತ್ತು ಮುಗಿದಿರುತ್ತಿತ್ತು. ಕೌದಿ ತಿರುವಿ ನೋಡಿದರೆ ಯಾವ ಬದಿ ಯಾರದು ಅಂತ ಈಗಲೂ ಹೇಳಬಹುದು. ಅಮ್ಮನ ಹೊಲಿಗೆ ಇರುವೆ ಸಾಲಿನ ಹಾಗೆ, ಸಣ್ಣದು, ನೆಟ್ಟಗೆ. ಎದುರುಮನೆಯ ದೊಡ್ಡವ್ವನದು ಉದ್ದುದ್ದ. ಒಂದು ಕಡೆ ಮಾತ್ರ ಆಕೆಯ ಹೊಲಿಗೆ ಸರಕ್ಕನೆ ಓರೆಯಾಗಿದೆ. ಅಲ್ಲಿ ಏನೋ ಭಾರಿ ಸುದ್ದಿ ಬಂದಿರಬೇಕು.

ತುಂಡುಗಳ ವಿಷಯಕ್ಕೆ ಬಂದರೆ, ನಟ್ಟನಡುವೆ ಇರುವುದು ಅಮ್ಮನ ಮದುವೆ ಸೀರೆಯ ಸೆರಗು. ಕೆಂಪಿನ ಮೇಲೆ ಬಿಳಿ ತೆನೆ. ಇಳಕಲ್ ಸೀರೆಯ ಒಡಲು ನೂಲಿನದು, ಸೆರಗು ರೇಷ್ಮೆಯದು ಅಲ್ವಾ, ಹಾಗಾಗಿ ಅಲ್ಲಿ ಕೈಯಾಡಿಸಿದರೆ ಈಗಲೂ ನುಣ್ಣಗೆ ಹತ್ತುತ್ತದೆ. ಸುತ್ತಲೂ ಗುಳೇದಗುಡ್ಡ ಖಣದ ಚೂರುಗಳು, ಅವ್ವನ ಹಳೆಯ ಕುಬಸಗಳವು. ಅಪ್ಪನ ಪಟ್ಟಾಪಟ್ಟಿ ಚಡ್ಡಿಯೂ ಇದೆ. ಇದನ್ನು ಅಪ್ಪ ಕೊನೆಯವರೆಗೂ ಒಪ್ಪಲಿಲ್ಲ. ಅಜ್ಜನ ಧೋತರದ ತುಂಡು ಮಾತ್ರ ಮೇಲೆ ಕಾಣುವುದಿಲ್ಲ. ಅಜ್ಜ ತೀರಿಕೊಂಡ ವರ್ಷ ಅಮ್ಮ ಅದನ್ನು ಹಿಂಬದಿಗೆ ಹಚ್ಚಿದ್ದಳು. ಆಮೇಲೆ ಈ ಕೌದಿಯನ್ನು ತಾನು ಹೊದೆಯುವ ದಿನ ತಿರುವಿಕೊಂಡು ಹೊದೆಯುತ್ತಿದ್ದಳು. ಯಾಕೆ ಅಂತ ನಾವು ಯಾರೂ ಕೇಳಲಿಲ್ಲ.

ಇನ್ನು ಕಿಸೆ. ಈ ಕೌದಿ ಮೊದಲು ಗಿಡ್ಡದಿತ್ತು, ನಾನು ಸಣ್ಣವನಿದ್ದಾಗ ನನ್ನ ಅಳತೆಗೇ ಹೊಲಿದದ್ದು. ಏಳನೇ ಇಯತ್ತೆಗೆ ಬರುವಷ್ಟರಲ್ಲಿ ಪಾದ ಹೊರಗೆ ಬರತೊಡಗಿತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತ ಅಪ್ಪ ಗಾದೆ ಹೇಳಿ ಮುಗಿಸಿಬಿಟ್ಟ. ಅಮ್ಮನಿಗೆ ಸಿಟ್ಟು ಬಂತು.

"ಬೆಳಿಯೋ ಹುಡುಗನ ಕಾಲು ಕಡಿಯಾಕ ಬರತೈತೇನ? ಕೌದಿನ ಬೆಳಸೋಣ ತಗೋ."

ಕಾಕಾ ಬಸ್ ಕಂಡಕ್ಟರ್. ಅವರ ಎರಡು ಹಳೆಯ ಖಾಕಿ ಅಂಗಿ ಕತ್ತರಿಸಿ ಅಮ್ಮ ಕಾಲಿನ ಕಡೆಗೆ ಮೊಳದಗಲದ ಪಟ್ಟಿ ಕೂಡಿಸಿದಳು. ಒಂದು ಕಿಸೆ ಹಾಗೇ ಉಳಿಯಿತು. ಅದರ ಮೂಲೆಯಲ್ಲಿ ಕಾಕಾನ ಪೆನ್ನು ಸೋರಿದ ನೀಲಿ ಕಲೆ.

"ಅತ್ತಿ, ಕಿಸೆ ಬಿಚ್ಚೂದ ಮರತ್ರೇನು?" ಅಂದಳು ಅವ್ವ.

"ಮರತಿಲ್ಲ. ಇರಲಿ, ಹುಡುಗ ಏನರ ಇಟ್ಕೋತಾನ."

ಇಟ್ಟುಕೊಂಡೆ. ಗೋಲಿ, ಪೆಪ್ಪರಮಿಂಟು, ಹುಣಸೆಬೀಜ. ಆ ವರ್ಷ ಜಾತ್ರೆಯಲ್ಲಿ ಖರ್ಚಾಗದೆ ಉಳಿದ ನಾಲ್ಕಾಣೆಯೊಂದು ಅಲ್ಲೇ ಕೂತುಬಿಟ್ಟಿತು. 2011ರ ಜೂನ್ 30ರಿಂದ ಸರಕಾರ ನಾಲ್ಕಾಣೆ ನಡೆಯುವುದಿಲ್ಲ ಅಂದಿತು. ನಮ್ಮ ಕೌದಿಗೆ ಆ ಸುದ್ದಿ ಮುಟ್ಟಿಲ್ಲ.

ಈಗ ನಾವಿರುವುದು ಹುಬ್ಬಳ್ಳಿಯಲ್ಲಿ, ಮೂರನೇ ಮಾಳಿಗೆಯ ಮನೆ. ಊರಲ್ಲಿದ್ದಾಗ ಮಹಾನವಮಿ ಬಂತೆಂದರೆ ಮನೆಯ ಹಾಸಿಗೆಯೆಲ್ಲ ಚಕ್ಕಡಿ ಏರಿ ಬೆಣ್ಣಿಹಳ್ಳಕ್ಕೆ ಹೋಗುತ್ತಿತ್ತು. ನೀರು ಕುಡಿದ ಕೌದಿ ಒಬ್ಬರ ಮಾತು ಕೇಳುವುದಿಲ್ಲ. ಎರಡೂ ತುದಿಗೆ ಒಬ್ಬೊಬ್ಬರು ನಿಂತು ಹಗ್ಗ ಹೊಸೆದ ಹಾಗೆ ಹಿಂಡಬೇಕು. ಹೋದ ವರ್ಷ ನಾನು ಜಾಣತನ ಮಾಡಿ ವಾಷಿಂಗ್ ಮೆಷಿನ್‌ಗೆ ತುರುಕಿದೆ. ಅದು ಎರಡು ಸುತ್ತು ತಿರುಗಿ, ನರಳಿ, ಬಚ್ಚಲಮನೆಯಿಂದ ಅರ್ಧ ಅಡಿ ನಡೆದು ಬಂದು ನಿಂತಿತು. ರಿಪೇರಿಯವನು ಕೌದಿ ಎತ್ತಿ ನೋಡಿ, "ಸರ್, ಒಳಗ ಯಾರದಾರ?" ಅಂದ.

ಅವನು ಚೇಷ್ಟೆಗೆ ಕೇಳಿದ್ದು. ನಾನು ಮನಸ್ಸಿನಲ್ಲೇ ಎಣಿಸಿದೆ. ಐದು ಜನ ಆದರು.

ಆಮೇಲೆ ಬಾಲ್ಕನಿಯ ಸರಳಿನ ಮೇಲೆ ಒಣಹಾಕಿದರೆ ಅರ್ಧ ತಾಸಿಗೆ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಫೋಟೊ ಸಮೇತ ಮೆಸೇಜು. ಕಟ್ಟಡದ ಅಂದ ಕೆಡುತ್ತದಂತೆ. ಕೆಂಪು, ಹಸಿರು, ನೇರಳೆ, ಖಾಕಿ ಎಲ್ಲ ಬಿಸಿಲಿಗೆ ಹೊಳೆಯುತ್ತಿತ್ತು. ನನಗಂತೂ ಆ ಬೂದು ಬಣ್ಣದ ಕಟ್ಟಡಕ್ಕೆ ಅವತ್ತೇ ಮೊದಲ ಸಲ ಒಂದು ಕಳೆ ಬಂದ ಹಾಗೆ ಕಂಡಿತು. ಕೊನೆಗೆ ಮಾಳಿಗೆ ಮೇಲೆ ಹೊತ್ತು ಒಯ್ದೆ. ಒಣಗಲು ಎರಡು ದಿನ ಹಿಡಿಯಿತು.

ಹೋದ ತಿಂಗಳು ಬಂದ ಗೆಳೆಯನೊಬ್ಬ, ಇದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ ಅಂದ. ಈಗ ಪ್ರದರ್ಶನಗಳಲ್ಲಿ ಹೊಸ ಬಟ್ಟೆಯ ಕೌದಿಗಳು ಬರುತ್ತವೆ, ಚೆಂದವೂ ಇರುತ್ತವೆ, ಹೊಲಿಯುವವರಿಗೆ ನಾಲ್ಕು ದುಡ್ಡಾಗುತ್ತದೆ, ಬೇಡ ಅನ್ನಲು ನಾನ್ಯಾರು? ಅವನ್ನು ಬೇಕಾದರೆ ಗೋಡೆಗೆ ಹಾಕಲಿ. ನಮ್ಮದನ್ನು ಹಾಕಿದರೆ ಹಿಂಬದಿಯ ಧೋತರ ಗೋಡೆಗೆ ಮುಖ ಮಾಡಿ ನಿಲ್ಲಬೇಕಾಗುತ್ತದೆ. ಅಮ್ಮ ಕನಸಿನಲ್ಲಿ ಬಂದು ಬೈದಾಳು. ಅದೂ ಅಲ್ಲದೆ ನನ್ನ ಮಗಳು ಅದನ್ನು ಬಿಟ್ಟುಕೊಡಬೇಕಲ್ಲ.

ಒಂಬತ್ತನೇ ಇಯತ್ತೆಯಲ್ಲಿದ್ದಾಳೆ. ಒಂದೇ ವರ್ಷದಲ್ಲಿ ಗೇಣುದ್ದ ಬೆಳೆದಳು. ಕಿಸೆಯಲ್ಲಿ ಈಗ ನಾಲ್ಕಾಣೆಯ ಜೊತೆ ಅವಳ ಹೇರ್‌ಪಿನ್ನು, ಇಯರ್‌ಫೋನು. ಮೊನ್ನೆ ರಾತ್ರಿ ಕೋಣೆಯ ದೀಪ ಆರಿಸಲು ಹೋದರೆ ಖಾಕಿ ಪಟ್ಟಿಯ ಕೆಳಗೆ ಎರಡು ಪಾದ ಹೊರಗೆ ಬಂದಿದ್ದವು. ಮಲಗಿದ್ದಾಳೆ ಅಂದುಕೊಂಡು ಕೌದಿ ಜಗ್ಗಿದೆ. ಕಾಲು ಮುಚ್ಚಿದರೆ ಆ ಕಡೆ ಭುಜ ಬಯಲಾಯಿತು.

"ಅಪ್ಪಾ," ಅಂದಳು ಕಣ್ಣು ಮುಚ್ಚಿಕೊಂಡೇ, "ನಿನ್ನ ಆ ನೀಲಿ ಚೌಕಡಿ ಅಂಗಿ ಹಳೇದಾತಲ್ಲ?"

ಅದನ್ನು ಹೋದ ದೀಪಾವಳಿಗೆ ಹೊಲಿಸಿದ್ದೆ.

"ಅದಕ್ಕ ಎರಡು ಕಿಸೆ ಅದಾವ," ಅಂದು ಮಗ್ಗುಲು ಬದಲಿಸಿದಳು.